ಕುಲುಮೆಯಲ್ಲಿ ಸುಟ್ಟ ಓಲೆ

೧೭೯೩ನೇ ಇಸವಿ, ಮಾರ್ಗಶಿರ ಶುದ್ಧ ಪಂಚಮಿ. ಹೊತ್ತು ಮಾರುದ್ದ ಏರಿದಾಗ ಅಟ್ಟಿಗುಪ್ಪೆ ಠಾಣೆಗೆ ದೂರು ಬಂತು. ತಂದವನು ಪಕ್ಕದ ಊರಿನ ಕೂಲಿಮಠದಲ್ಲಿ ಪಾಠ ಹೇಳುವ ಚಿಕ್ಕಸಿದ್ದಯ್ಯ.

"ಮಕ್ಳು ಓದೋ ಓಲೆಗ್ರಂಥ ನಲವತ್ತೂ ಮಾಯ ಆಗವೆ ಬುದ್ದಿ. ಪೆಟ್ಗೆ ಬೀಗ ಆಕಿದ್ದಂಗೇ ಅದೆ."

ಠಾಣೇದಾರ ನರಸಯ್ಯ ರುಮಾಲು ಸುತ್ತಿಕೊಂಡು ಎದ್ದ. ಊರ ಮಕ್ಕಳು ಅಕ್ಷರ ಕಲಿಯಲೆಂದು ಸರ್ಕಾರ ಮಠಕ್ಕೆ ಗದ್ದೆಯೊಂದನ್ನು ಉಂಬಳಿ ಬಿಟ್ಟಿತ್ತು. ಅದರ ಭತ್ತದಿಂದ ಓಲೆ ತರಿಸಿ, ಬರೆಯುವವನಿಗೆ ಊಟ ಹಾಕಿ, ಹತ್ತು ವರ್ಷದಲ್ಲಿ ಆ ಪೆಟ್ಟಿಗೆ ತುಂಬಿತ್ತು.

ಮಠದಲ್ಲಿ ಪಂಚರ ಮುಂದೆ ಮಹಜರು ನಡೆಯಿತು. ಕಾವಲುಗಾರ ಮಂಚಯ್ಯ ಪೆಟ್ಟಿಗೆಯ ಹಿಂಬದಿಗೆ ಕೈಯಾಡಿಸಿದ.

"ಮುಚ್ಳದ ತಿರುಗಣಿ ಮೊಳೆ ಎರಡೂ ಒಸವು. ಅಳೇವ್ನ ಕಿತ್ತು ಇವ್ನ ಬಡ್ದವ್ರೆ."

"ಕಮ್ಮಾರನ ಕೆಲಸ," ಎಂದ ನರಸಯ್ಯ.

"ಕಮ್ಮಾರ ಕಾಳಪ್ಪ ಊರಲ್ಲಿಲ್ಲ. ಅದಿನೈದು ದಿನದಿಂದ ಪಟ್ಣದ ಕ್ವಾಟೇಲವ್ನೆ. ಕುಲುಮೆ ನೋಡ್ಕೊಳ್ಳೋಳು ಎಂಡ್ತಿ ಮೂಗಮ್ಮ. ಗಂಡ್ನಂಗೇ ಸುತ್ಗೆ ಇಡೀತಾಳೆ."

ನಡುಹಗಲಿಗೆ ಕುಲುಮೆಯ ಬೂದಿ ಕೆದಕಿಸಿದರು. ಓಲೆಕಟ್ಟಿಗೆ ಸಿಕ್ಕಿಸುವ ಹಿತ್ತಾಳೆ ಕಡ್ಡಿಗಳು ಹಿಡಿತುಂಬ ಸಿಕ್ಕವು.

"ನೀನೇ ಸುಟ್ಟೆಯಾ?" ನರಸಯ್ಯ ಕೇಳಿದ.

"ಊಂ," ಎಂದಳು ಮೂಗಮ್ಮ.

"ಯಾವಾಗ?"

"ನೆನ್ನೆ, ಎಲ್ರೂ ಸಂತೆಗೋಗಿದ್ದಾಗ."

"ಜತೆಗೆ ಯಾರು?"

"ಯಾರೂ ಇಲ್ಲ."

"ಯಾಕೆ ಸುಟ್ಟೆ?"

ಮೂಗಮ್ಮ ತಿದಿ ಒತ್ತುವುದನ್ನು ಬಿಟ್ಟು ಎದ್ದು ನಿಂತಳು.

"ನನ್ ದೊಡ್ಮಗ ಲಕ್ಷ್ಮಣ ಅದ್ರಲ್ಲೇ ಓದು ಕಲ್ತಿದ್ದು. ಬರೆಯಾಕ್ ಬತ್ತದೆ, ದಂಡಿನ ಪಟ್ಟಿ ಬರೀಲಿ ಅಂತ ಕ್ವಾಟೆಗೆ ಎಳ್ಕೊಂಡೋದ್ರು. ಮುತ್ಗೆ ಬಿದ್ದಾಗ ಗುಂಡಿಗೆ ಸಿಕ್ದ. ಎಣಾನೂ ಬರ್ನಿಲ್ಲ. ಈಗ ಚಿಕ್ಕೋನು ಓಲೆ ಇಡ್ಕೊಂಡು ಓದ್ತಾ ಕುಂತವ್ನೆ." ಅವಳು ಠಾಣೇದಾರನ ಮುಖವನ್ನೇ ನೋಡಿದಳು. "ಲಕ್ಷ್ಮಣನ್ನ ಕರ್ಕೊಂಡೋದೋರು ನೀವೇ ಅಲ್ವಾ ಬುದ್ದಿ?"

ಹೌದು, ನರಸಯ್ಯನೇ. ಅಂದು ಅವನ ಹಿಂದೆ ಮೂವರು ಹುಡುಗರು ನಡೆದಿದ್ದರು. ಪಟ್ಟಣ ಇನ್ನೆಷ್ಟು ದೂರ ಎಂದು ಒಬ್ಬ ದಾರಿಯುದ್ದಕ್ಕೂ ಕೇಳುತ್ತಿದ್ದ. ಅವರಲ್ಲಿ ಲಕ್ಷ್ಮಣ ಯಾರು? ಎಷ್ಟು ಯೋಚಿಸಿದರೂ ಮುಖ ನೆನಪಾಗಲಿಲ್ಲ.

ಮಂಚಯ್ಯ ಅವಳ ಕೈಗೆ ಹಗ್ಗ ಬಿಗಿದ. ಶಾನುಭೋಗ ಹೇಳಿಕೆ ಬರೆಯುತ್ತ, ಕೃತ್ಯಕ್ಕೆ ಕಾರಣವೇನೆಂದು ಕೇಳಿದ.

"ಇರೋ ಮಗನ್ನ ಉಳಿಸ್ಕೊಳ್ಳಾಕೆ ಅಂತ ಬರ್ಕೊ," ಎಂದ ನರಸಯ್ಯ.

ಸಂಜೆಗೆ ಮುಂಚೆ ಅವಳನ್ನು ಠಾಣೆಗೆ ನಡೆಸಿಕೊಂಡು ಹೊರಟರು. ಊರಬಾಗಿಲು ದಾಟಿದ ಮೇಲೆ ಮೂಗಮ್ಮ ಕೇಳಿದಳು:

"ಮಟಕ್ಕೆ ಮತ್ತೆ ಓಲೆ ತರುಸ್ತಾರಾ ಬುದ್ದಿ?"

"ಈ ಸುಗ್ಗೀಲೇ ತರುಸ್ತಾರೆ."

ಮೂಗಮ್ಮ ಚಿಕ್ಕ ಮಗನಿದ್ದ ಊರಿನತ್ತ ತಿರುಗಿ ನೋಡಿದಳು.