ಹಿಂದಕ್ಕೆ ನಡೆಯುವ ಗಡಿಯಾರ

ಗಲ್ಲಾ ಮೇಜಿನ ಹಿಂದಿನ ಗೋಡೆಯಲ್ಲಿ ಮೊಳೆ ಇತ್ತು, ಗಡಿಯಾರ ಇರಲಿಲ್ಲ.

ಅದನ್ನು ಮೊದಲು ಕಂಡವರು ವಕೀಲರು. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಕನ್ನಡಕ ಸರಿಮಾಡಿಕೊಂಡು, "ಎಲ್ಲಿ ನನ್ನ ಗಡಿಯಾರ?" ಎಂದರು.

"ಇಲ್ಲೇ ಇದೆಯಲ್ಲ ವಕೀಲರೇ, ಸುತ್ತಿ ಕೊಡೋಕೆ ಕಾಗದಾನೂ ತೆಗೆದಿಟ್ಟಿದ್ದೀನಿ" ಎನ್ನುತ್ತ ಅಂಗಡಿಯ ಅಕ್ಕ ಕುಳಿತಲ್ಲಿಂದಲೇ ಹಿಂದಕ್ಕೆ ಕೈ ಚಾಚಿದಳು. ಕೈಗೆ ಬರಿಯ ಗೋಡೆ ತಗುಲಿತು.

ಕಾಗದ ತೆಗೆದಿಟ್ಟು ಹೆಚ್ಚು ಹೊತ್ತಾಗಿರಲಿಲ್ಲ. ಗಿರಾಕಿಗಳು ಕೆದರಿ ಬಿಟ್ಟುಹೋದ ಬಟ್ಟೆಗಳನ್ನು ಮಡಿಸುತ್ತ ಅವಳು ತಲೆ ಎತ್ತಿದಾಗ ಒಳಗಿನ ದೊಡ್ಡ ಕನ್ನಡಿಯಲ್ಲಿ ಗಂಟೆ ನಾಲ್ಕು ಮುಕ್ಕಾಲು ಕಂಡಿತ್ತು. ಐದಕ್ಕೆ ಬರುತ್ತೇನೆಂದಿದ್ದ ವಕೀಲರು ಮಾತು ತಪ್ಪುವವರಲ್ಲ ಎಂದುಕೊಂಡು ಕಾಗದ, ದಾರ ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದಳು.

ಅದು ಹಳೆಯ ಸಾಮಾನಿನ ಅಂಗಡಿ. ಅಲ್ಲಿಗೆ ಬರುವವರಲ್ಲಿ ಅರ್ಧ ಮಂದಿ ಕೊಳ್ಳಲು ಬರುತ್ತಿದ್ದರು; ಉಳಿದವರು ನೆನೆಯಲು. ಹಿಡಿ ಮುರಿದ ಹಾಲಿನ ಜಗ್ಗನ್ನು ಎತ್ತಿ ಹಿಡಿದು, "ನಮ್ಮಜ್ಜಿ ಮನೇಲಿ ಥೇಟ್ ಇಂಥದ್ದೇ ಇತ್ತು" ಎನ್ನದ ಗಿರಾಕಿಯನ್ನು ಅಕ್ಕ ಕಂಡಿರಲಿಲ್ಲ. ಅಂಚೆಯವನೊಬ್ಬ ಮೂಲೆಯ ಚರ್ಮದ ಚೀಲವನ್ನು ಮೂಸಿ ನೋಡಿ, ನಿಟ್ಟುಸಿರಿಟ್ಟು, ಮತ್ತೆ ಅಲ್ಲೇ ಇಟ್ಟು ಹೋಗುತ್ತಿದ್ದ. ಅಂಗಡಿಯಲ್ಲಿ ಗಡಿಯಾರಗಳಿಗೆ ಬರವಿರಲಿಲ್ಲ. ನಡೆಯುವ ಗಡಿಯಾರಕ್ಕೆ ಬರ. ಅಂಗಡಿಯ ಕೆಲಸಗಾರ ಪಾಲಿಶಣ್ಣ ಎಣ್ಣೆ ಹಾಕಿ, ಚಕ್ರದ ಹಲ್ಲು ಸರಿಪಡಿಸಿ ನಡೆಸಿದ್ದು ಆ ಒಂದನ್ನೇ. ಅದಾದರೂ ನಡೆದದ್ದು ಹಿಂದಕ್ಕೆ. ಅದರ ಅಂಕಿಗಳೆಲ್ಲ ಎಡಬಲ ತಿರುಗಿದ್ದವು; ಹನ್ನೊಂದು ಇರಬೇಕಾದಲ್ಲಿ ಒಂದು ಕುಳಿತಿತ್ತು; ಮುಳ್ಳುಗಳು ಎಡಕ್ಕೆ ಸರಿಯುತ್ತಿದ್ದವು. ಮಾಡಿದವನು ನಿದ್ದೆಗಣ್ಣಿನಲ್ಲಿ ಮಾಡಿರಬೇಕೆಂದು ಎಲ್ಲರೂ ನಗುತ್ತಿದ್ದರು. ನಗದೆ ಅದರಲ್ಲಿ ಗಂಟೆ ನೋಡುತ್ತಿದ್ದವಳು ನರ್ಸಮ್ಮ ಒಬ್ಬಳೇ. ಪಾಳಿಗೆ ಹೋಗುವ ಮುನ್ನ ದಿನವೂ ಬಂದು, ಏನನ್ನೂ ಕೊಳ್ಳದೆ ಅದನ್ನೂ ಇದನ್ನೂ ಸವರಿ, ಅತ್ತ ಕಣ್ಣು ಹಾಯಿಸಿ, "ಅಯ್ಯೋ, ಹೊತ್ತಾಯ್ತು ಅಕ್ಕಾ" ಎಂದು ಓಡುತ್ತಿದ್ದಳು.

ಗಡಿಯಾರದ ಜತೆಗೆ ಒಂದೇ ಗಾಡಿಯಲ್ಲಿ ಬಂದ ಸಾಮಾನು ಇನ್ನೂ ಎರಡಿದ್ದವು: ಆಳೆತ್ತರದ ಕನ್ನಡಿ, ಮತ್ತು ತಿರುಗುವ ಕಬ್ಬಿಣದ ಕುರ್ಚಿ. ಕುರ್ಚಿಯ ಅಡಿಗೆ ಒಂದು ಹಲಗೆ ಕಟ್ಟಿತ್ತು. ತಲೆಯಾನಿಸುವ ಭಾಗ ಕಳೆದುಹೋಗಿ ಗುರುತು ಸಿಗದಂತಾಗಿದ್ದರಿಂದ ಬೀದಿಯವರೆಲ್ಲ ಅದನ್ನು ಹಲ್ಲಿನ ಡಾಕ್ಟರ ಕುರ್ಚಿ ಎಂದೇ ಕರೆದರು. ಮಾರಿದ ದಲ್ಲಾಳಿಗೂ ಬೇರೆ ಹೆಸರು ಗೊತ್ತಿರಲಿಲ್ಲ. ಪಾಲಿಶಣ್ಣ ಕನ್ನಡಿಯನ್ನು ಹಿಂಗೋಡೆಗೆ ಬಿಗಿದು, ಕುರ್ಚಿಯನ್ನು ಅದರ ಮುಂದಿಟ್ಟು, ನಡುಗಂಬದಿಂದ ಗೋಡೆಯವರೆಗೆ ಹಗ್ಗ ಕಟ್ಟಿ ಕೋಟುಗಳನ್ನು ತೂಗುಹಾಕಿದ್ದ. ಕೋಟು ತೊಟ್ಟು ನೋಡುವವರಿಗೆ ಅದೇ ಕೋಣೆ. ಕಂಬದ ಹಿಂಬದಿಗೆ, ಅವರ ಕಣ್ಣಿಗೆ ಬೀಳುವಂತೆ, ತನ್ನ ಕೈಬರಹದ ಫಲಕವನ್ನೂ ಹೊಡೆದಿದ್ದ: "ಮುಟ್ಟಿ ನೋಡಿ, ಹರಿದರೆ ಕೊಳ್ಳಿ." ಕನ್ನಡಿಯಲ್ಲಿ ಆ ಅಕ್ಷರಗಳು ಎಡಬಲ ತಿರುಗಿ ಕಾಣುತ್ತಿದ್ದುದರಿಂದ ಓದಲು ಹೋಗಿ ನಗುವ ಗಿರಾಕಿಗಳೇ ಹೆಚ್ಚು.

ವಕೀಲರು ಅಂದು ನಗುವ ಸ್ಥಿತಿಯಲ್ಲಿರಲಿಲ್ಲ. ಅಂಗಡಿಯನ್ನು ಒಂದು ಸುತ್ತು ಹಾಕಿ ಕುರ್ಚಿಯ ಬಳಿ ನಿಂತರು. ಕೆಳಗೆ ಕಟ್ಟಿದ್ದ ಹಲಗೆ ಈಗ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿತ್ತು.

"ನೋಡಿ! ಹಲಗೆ ಹಾಕ್ಕೊಂಡು ಹತ್ತಿದ್ದಾನೆ, ಇಳಿಸಿದ್ದಾನೆ. ಹೊರಗಿನವರಿಗೆ ಇಷ್ಟು ಧೈರ್ಯ ಬರಲ್ಲ, ಒಳಗಿನವರದೇ ಕೈವಾಡ." ಅವರ ಬೆರಳು ಪಾಲಿಶಣ್ಣನ ಕಡೆ ತಿರುಗಿತು. "ಇವನು ಹಿಂದೆ ಇದ್ದ ಅಂಗಡಿ ಬಿಟ್ಟಿದ್ದು ಯಾಕೆ ಅಂತ ಬೀದಿಗೆಲ್ಲ ಗೊತ್ತು."

ಬೀದಿಗೆ ಗೊತ್ತಿತ್ತು. ಅಲ್ಲೊಂದು ಬೆಳ್ಳಿ ಚಮಚ ಕಾಣೆಯಾಗಿತ್ತು. ಅವನ ಕೆಲಸ ಹೋದ ಮೇಲೆ ಚಮಚ ಆ ಅಂಗಡಿಯವರದೇ ಅಡುಗೆಮನೆಯ ಮೋರಿಯಲ್ಲಿ ಸಿಕ್ಕಿತ್ತು. ಚಮಚದ ಸುದ್ದಿ ಊರು ಸುತ್ತಿದಷ್ಟು ಮೋರಿಯ ಸುದ್ದಿ ಸುತ್ತಲಿಲ್ಲ. ಬೇರೆ ಯಾರೂ ಹತ್ತಿರ ಸೇರಿಸದಿದ್ದಾಗ ಅಕ್ಕ ಅವನಿಗೆ ಕೆಲಸ ಕೊಟ್ಟಿದ್ದಳು. ಇನ್ನೊಮ್ಮೆ ಆ ಹೆಸರು ಅಂಟಿದರೆ ಅವನ ಕೈಗೆ ಯಾವ ಬೀದಿಯಲ್ಲೂ ಕೆಲಸ ಸಿಗುವಂತಿರಲಿಲ್ಲ.

ಅವನ ಮುಖ ಕಪ್ಪಿಟ್ಟಿತು. "ಅಕ್ಕಾ, ನನ್ನ ಚೀಲ ತೆಗೆದು ನೋಡಿಬಿಡಿ" ಎಂದ.

"ಚೀಲ ಮುಚ್ಚು" ಎಂದಳು ಅಕ್ಕ. ದನಿ ಅವಳಿಗೇ ಗಟ್ಟಿಯೆನಿಸಿತು. "ನಿನ್ನ ಚೀಲ ನೋಡೋ ದಿನ ಬಂದ್ರೆ ನಾನು ಅಂಗಡಿಗೇ ಬೀಗ ಹಾಕ್ತೀನಿ. ವಕೀಲರೇ, ಕೂತ್ಕೊಳ್ಳಿ. ದೊಡ್ಡಪ್ಪನ್ನ ಕರೀತೀನಿ."

ದೊಡ್ಡಪ್ಪ ಮಹಡಿಯ ಮೇಲಿದ್ದರು. ಬದುಕೆಲ್ಲ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ನಿವೃತ್ತರಾದ ಮೇಲೆ ತಮ್ಮನ ಮಗಳ ಅಂಗಡಿಯ ಮೇಲಿನ ಕೋಣೆ ಸೇರಿದ್ದರು. ಬೀದಿಯಲ್ಲಿ ಏನೇ ಕಳೆಯಲಿ, ಯಾರೇ ಜಗಳವಾಡಲಿ, ಕೊನೆಗೆ ಅವರ ಮೆಟ್ಟಿಲು ಹತ್ತುವುದು ವಾಡಿಕೆಯಾಗಿತ್ತು. ಮಾತನ್ನು ಅವರು ಸೀಮೆಸುಣ್ಣದ ಕೊನೆಯ ತುಂಡಿನಂತೆ ಬಳಸುತ್ತಿದ್ದರು.

ಕೋಲೂರಿ ಇಳಿದು ಬಂದ ಅವರು ಮೊದಲು ಮೊಳೆಯನ್ನು ನೋಡಿದರು. ಆಮೇಲೆ ಕುರ್ಚಿಯ ಬಳಿಗೆ ಹೋಗಿ ಹಲಗೆಯನ್ನೆತ್ತಿ, ಎರಡು ಕೈಗಳ ಮೇಲೂ ಬೆರಳಾಡಿಸಿದರು. ಎರಡರಲ್ಲೂ ಒಂದೇ ಜಾಗದಲ್ಲಿ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಕುರ್ಚಿಯನ್ನೇರಿ ಕುಳಿತು ಕನ್ನಡಿಯನ್ನು ದಿಟ್ಟಿಸಿದರು. ಅವರ ಗಲ್ಲದ ಬಳಿ ಏನೋ ಸಡಿಲವಾದಂತೆ ಅಕ್ಕನಿಗೆ ಕಂಡಿತು. ಅದು ನಗುವೇ ಎಂದು ಹೇಳುವಷ್ಟು ಅಭ್ಯಾಸ ಅವಳಿಗಿರಲಿಲ್ಲ.

"ಮಧ್ಯಾಹ್ನದ ಮೇಲೆ ಯಾರ್‍ಯಾರು ಬಂದಿದ್ರು?"

"ಚೌಕಾಸಿ ಚಿಕ್ಕಮ್ಮ. ಒಂದು ಜೊತೆ ಚಪ್ಪಲಿಗೆ ನನ್ನ ಪ್ರಾಣ ಹಿಂಡಿಬಿಟ್ರು. ಬಾಗಿಲ ಬಳಿ ಅವರ ಜೊತೆ ನಿಂತೂ ನಿಂತೂ ಕಾಲು ಬಿದ್ದುಹೋಯ್ತು. ಆಗಲೇ ನರ್ಸಮ್ಮ ಬಂದಿದ್ಲು, ಇವತ್ತು ಮಗಳ್ನೂ ಕರ್ಕೊಂಡು. ಬಸ್ಸು ಬಂತು ಅಂತ ಓಡಿದ್ಲು. ಅಷ್ಟೇ."

"ಚಿಕ್ಕಮ್ಮನ ಕೈಚೀಲದಲ್ಲಿ ಅಂಥ ಎರಡು ಗಡಿಯಾರ ಹಿಡಿಸುತ್ತೆ" ಎಂದು ವಕೀಲರು ಗೊಣಗಿದರು.

"ನೀನೆಲ್ಲಿದ್ದೆ?" ಎಂದು ದೊಡ್ಡಪ್ಪ ಪಾಲಿಶಣ್ಣನನ್ನು ಕೇಳಿದರು.

"ಹಿತ್ತಿಲಲ್ಲಿ, ಮೇಷ್ಟ್ರೇ. ಮಂಚಕ್ಕೆ ಮೆರುಗೆಣ್ಣೆ ಬಳೀತಿದ್ದೆ. ನನ್ನನ್ನ ಯಾರೂ ನೋಡಿಲ್ಲ."

"ಸರಿ. ನಾಳೆ ಬೆಳಿಗ್ಗೆ ಎಲ್ಲರೂ ಬನ್ನಿ. ಚಿಕ್ಕಮ್ಮನಿಗೂ ನರ್ಸಮ್ಮನಿಗೂ ಹೇಳಿಕಳಿಸು, ಮಗಳೇ. ಮಗೂನೂ ಬರಲಿ."

"ಉತ್ತರ ಗೊತ್ತಿದ್ರೆ ಈಗಲೇ ಹೇಳಿ" ಎಂದರು ವಕೀಲರು. "ಬೆಳಿಗ್ಗೆವರೆಗೂ ಕಾಯ್ತೀನಿ. ಆಮೇಲೆ ಪೊಲೀಸರೇ."

"ಕ್ರಮ ಬರೆಯದೆ ಉತ್ತರ ಮಾತ್ರ ಬರೆದವರಿಗೆ ನಾನು ಅಂಕ ಕೊಟ್ಟವನಲ್ಲ." ದೊಡ್ಡಪ್ಪ ಪಾಲಿಶಣ್ಣನ ಭುಜದ ಮೇಲೆ ಕೈಯಿಟ್ಟರು. "ನಾಳೆ ಕೆಲಸಕ್ಕೆ ತಡ ಮಾಡಬೇಡ. ಮಂಚಕ್ಕೆ ಇನ್ನೊಂದು ಕೈ ಬಳಿಯೋದಿದೆ."

ಬೆಳಿಗ್ಗೆ ಎಲ್ಲರೂ ಸೇರಿದರು. ಚೌಕಾಸಿ ಚಿಕ್ಕಮ್ಮ ಬಂದವಳೇ ಕೈಚೀಲವನ್ನು ಮೇಜಿನ ಮೇಲೆ ಕವುಚಿ, "ನೋಡ್ಕೊಳ್ಳಿ! ಕೊತ್ತಂಬರಿ ಸೊಪ್ಪು ಬಿಟ್ರೆ ಇನ್ನೇನಾದ್ರೂ ಇದ್ರೆ ಹೇಳಿ" ಎಂದು ಗುಡುಗಿದಳು. ನರ್ಸಮ್ಮ ಏನೂ ತಿಳಿಯದೆ ಎಲ್ಲರ ಮುಖವನ್ನೂ ನೋಡುತ್ತಿದ್ದಳು. ಮಗು ಕುರ್ಚಿಯತ್ತ ಜಗ್ಗುತ್ತಿತ್ತು. ಪಾಲಿಶಣ್ಣ ಯಾರ ಮುಖವನ್ನೂ ನೋಡದೆ ಬಾಗಿಲ ಬಳಿ ನಿಂತ.

"ಮೊದಲು ಹಲಗೆ" ಎಂದರು ದೊಡ್ಡಪ್ಪ. "ಗಡಿಯಾರ ಇಳಿಸೋಕೆ ಹತ್ತಬೇಕಾಗಿತ್ತೆ? ನಿನ್ನೆ ನನ್ನ ಮಗಳು ಕೂತಲ್ಲಿಂದಲೇ ಕೈ ಚಾಚಿದ್ದನ್ನ ವಕೀಲರೇ ನೋಡಿದ್ದಾರೆ. ಹತ್ತಲೇಬೇಕು ಅಂದ್ರೂ, ಅಂಗಡಿ ತುಂಬ ಸ್ಟೂಲು ಇರುವಾಗ ತಿರುಗೋ ಕುರ್ಚಿ ಹತ್ತೋಕೆ ಯಾರಿಗೆ ತಲೆ ಕೆಟ್ಟಿದೆ? ಹಾಗಾದ್ರೆ ಹಲಗೆ ಹಾಕಿದ್ದು ಹತ್ತೋಕಲ್ಲ."

"ಮತ್ತೆ ಯಾಕೆ?"

"ಕೂರಿಸೋಕೆ. ಎರಡು ಕೈಗಳ ಮೇಲೂ ಒಂದೇ ಕಡೆ ಬಣ್ಣ ಸವೆದಿದೆ. ಆ ಹಲಗೆ ಅಲ್ಲಿ ಎಷ್ಟೋ ವರ್ಷ ದಿನವೂ ಕೂತಿದೆ. ವಕೀಲರೇ, ಚಿಕ್ಕವರಿದ್ದಾಗ ನಿಮ್ಮನ್ನ ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಹಾಕಿ ಎಲ್ಲಿ ಕೂರಿಸ್ತಿದ್ರು?"

ವಕೀಲರ ಕೈ ತಾನಾಗಿ ಬೋಳು ತಲೆಯ ಮೇಲೆ ಹೋಯಿತು. "ಕಟಿಂಗ್ ಅಂಗಡಿ..." ಎಂದರು.

"ಹಲ್ಲಿನ ಡಾಕ್ಟರದ್ದಲ್ಲ, ಕ್ಷೌರದ ಕುರ್ಚಿ. ಗಡಿಯಾರ, ಕನ್ನಡಿ, ಕುರ್ಚಿ, ಮೂರೂ ಒಂದೇ ಗಾಡಿಯಲ್ಲಿ ಬಂದವು. ಕುರ್ಚಿಯಲ್ಲಿ ಕೂತವನು ಕತ್ತು ತಿರುಗಿಸಬಾರದು, ಕಿವಿ ಹೋದೀತು. ಅವನಿಗೆ ಗಂಟೆ ತಿಳಿಯಬೇಕಾದ್ರೆ ಬೆನ್ನ ಹಿಂದಿನ ಗಡಿಯಾರ ಕನ್ನಡಿಯಲ್ಲಿ ನೇರ ಕಾಣಬೇಕು. ಕನ್ನಡಿಯಲ್ಲಿ ನೇರ ಕಾಣಬೇಕಾದ್ರೆ ಗೋಡೆಯ ಮೇಲೆ ತಿರುಗಿರಬೇಕು. ಮಾಡಿದವನು ನಿದ್ದೆಗಣ್ಣಲ್ಲಿ ಮಾಡಿಲ್ಲ." ದೊಡ್ಡಪ್ಪ ಅಕ್ಕನತ್ತ ತಿರುಗಿದರು. "ನಿನ್ನೆ ಕಾಗದ ತೆಗೆದಿಟ್ಟೆಯಲ್ಲ ಮಗಳೇ, ಹೊತ್ತಾಯ್ತು ಅಂತ ಹೇಗೆ ಗೊತ್ತಾಯ್ತು?"

"ಕನ್ನಡೀಲಿ ನೋಡ್ದೆ. ನಾಲ್ಕು ಮುಕ್ಕಾಲಾಗಿತ್ತು."

"ಯಾವ ಗಡಿಯಾರದಲ್ಲಿ?"

ಅಕ್ಕ ಸುತ್ತಲೂ ಕಣ್ಣು ಹಾಯಿಸಿದಳು. ಅಂಗಡಿಯ ಉಳಿದ ಗಡಿಯಾರಗಳೆಲ್ಲ ತಮ್ಮ ತಮ್ಮ ಗಳಿಗೆಯಲ್ಲಿ ಸತ್ತು ನಿಂತಿದ್ದವು.

"ಅದೇ ಕನ್ನಡಿಯಲ್ಲಿ ಫಲಕದ ಅಕ್ಷರ ತಿರುಗಿ ಕಾಣುತ್ತೆ. ಗಡಿಯಾರದ ಅಂಕಿ ಮಾತ್ರ ನೇರ ಕಂಡಿತು. ನೇರ ಕಂಡಿದ್ದಕ್ಕೇ ಅದು ನಿನ್ನ ಗಮನಕ್ಕೆ ಬರಲಿಲ್ಲ. ಕಳ್ಳತನ ಆಯ್ತು ಅಂತ ಎಲ್ಲರೂ ಕೂಗೋ ಮುಂಚೆಯೇ ನೀನು ಕಳೆದ ವಸ್ತುವನ್ನ ಕಂಡಿದ್ದೆ."

ಅವರು ಕೋಲಿನಿಂದ ಕೋಟುಗಳನ್ನು ಸರಿಸಿದರು. ಎಲ್ಲರೂ ಒಳಹೊಕ್ಕು ತಿರುಗಿ ನೋಡಿದರು. ಕಂಬದ ಹಿಂಬದಿಯಲ್ಲಿ, ಫಲಕದ ಮೇಲಿನ ಮೊಳೆಯಲ್ಲಿ, ಗಡಿಯಾರ ಟಿಕ್ ಟಿಕ್ ಎನ್ನುತ್ತ ಹಿಂದಕ್ಕೆ ನಡೆಯುತ್ತಿತ್ತು. ಕುರ್ಚಿಯವರೆಗೆ ಬಂದ ವಕೀಲರೂ, ರಾತ್ರಿ ದೀಪ ಹಚ್ಚಿಕೊಂಡು ಮಂಚಗಳ ಅಡಿಯಲ್ಲೆಲ್ಲ ತಡಕಿದ್ದ ಅಕ್ಕನೂ ಅದಕ್ಕೆ ಬೆನ್ನು ಹಾಕಿ ನಿಂತಿದ್ದರು. ಕದ್ದ ಮಾಲನ್ನು ಮೂಲೆಯಲ್ಲಿ ಹುಡುಕುತ್ತಾರೆಯೇ ಹೊರತು ಗೋಡೆಯ ಮೇಲೆ ಯಾರು ಹುಡುಕುತ್ತಾರೆ?

"ಕಳ್ಳನಾದವನು ಅದನ್ನ ಇದ್ದ ಹಾಗೆ ಮತ್ತೆ ಜೋಡಿಸಲ್ಲ" ಎಂದರು ದೊಡ್ಡಪ್ಪ. "ಆ ಕ್ಷೌರದ ಅಂಗಡಿಯನ್ನ ಮೊದಲೇ ಕಂಡವರು ಮಾಡಿದ ಕೆಲಸ ಇದು. ಈ ಗಡಿಯಾರವನ್ನ ತಡವರಿಸದೆ ಓದುತ್ತಿದ್ದವರು ಒಬ್ಬರೇ. ನಿನ್ನೆ ಹಲಗೆಯ ಮೇಲೆ ಕೂರೋ ಪ್ರಾಯದ ಗಿರಾಕಿಯೂ ಒಂದೇ."

ನರ್ಸಮ್ಮನ ಕಣ್ಣು ತುಂಬಿತ್ತು. "ಅಪ್ಪನ ಅಂಗಡೀದು" ಎಂದಳು. "ಅಪ್ಪ ಹೋದ್ಮೇಲೆ ಅಣ್ಣ ಎಲ್ಲಾ ಮಾರಿಬಿಟ್ಟ. ನಾನು ದೂರದ ಆಸ್ಪತ್ರೇಲಿದ್ದೆ. ಇಲ್ಲಿ ನೋಡಿದಾಗ ಎದೆ ಧಸಕ್ಕಂತು. ಕೊಳ್ಳೋಣ ಅಂತ ಮನಸ್ಸು ಮಾಡೋಷ್ಟರಲ್ಲಿ ವಕೀಲರದಾಗಿತ್ತು. ನಾನು ಗಂಟೆ ನೋಡೋದು ಕಲ್ತಿದ್ದೇ ಆ ಹಲಗೆ ಮೇಲೆ ಕೂತು. ಅಪ್ಪ ಹಿಂದೆ ನಿಂತು, ಕನ್ನಡೀಲಿ ನನ್ನ ಮುಖ ನೋಡ್ತಾ, 'ಈಗೆಷ್ಟು ಹೇಳು, ಈಗೆಷ್ಟು ಹೇಳು' ಅಂತ ಕೇಳೋರು. ಇವಳಿಗೂ ಒಂದ್ಸಲ ತೋರಿಸೋಣ ಅನ್ನಿಸ್ತು. ವಾಪಸ್ ಇಡೋಷ್ಟರಲ್ಲಿ ಬಸ್ಸು ಬಂತು. ಅಂಗಡಿಯೊಳಗೇ ಇದೆಯಲ್ಲ, ಎಲ್ಲರಿಗೂ ಕಾಣುತ್ತೆ ಅಂದ್ಕೊಂಡೆ." ಅವಳು ಪಾಲಿಶಣ್ಣನ ಕಡೆ ತಿರುಗಿದಳು. "ನಿಮ್ಮ ಮೇಲೆ ಬರುತ್ತೆ ಅಂತ ಗೊತ್ತಿದ್ರೆ ಬಸ್ಸು ಬಿಡ್ತಿದ್ದೆ ಅಣ್ಣಾ."

"ಹೇಳ್ಬಾರದಿತ್ತೇನೇ ನಂಗೆ?" ಎಂದಳು ಅಕ್ಕ.

"ಏನಂತ ಹೇಳ್ಲಿ ಅಕ್ಕಾ? ಇನ್ನೊಬ್ಬರು ಕೊಂಡ ವಸ್ತು."

ಚೌಕಾಸಿ ಚಿಕ್ಕಮ್ಮ ಮೂಗೊರೆಸಿಕೊಂಡು ಕೊತ್ತಂಬರಿ ಸೊಪ್ಪನ್ನು ಚೀಲಕ್ಕೆ ತುಂಬತೊಡಗಿದಳು. ವಕೀಲರು ಬಾಗಿಲವರೆಗೆ ನಡೆದು ಪಾಲಿಶಣ್ಣನ ಮುಂದೆ ನಿಂತರು. ನ್ಯಾಯಾಲಯದಲ್ಲಿ ಮಾತಿಗೆ ತಡವರಿಸದ ಮನುಷ್ಯ ಅಲ್ಲಿ ತಡವರಿಸಿದರು.

"ತಪ್ಪಾಯ್ತು. ಬೀದಿಗೂ ನಾನೇ ಹೇಳ್ತೀನಿ, ಬಾಗಿಲು ಬಾಗಿಲಿಗೂ ಹೋಗಿ ಹೇಳ್ತೀನಿ. ಇನ್ನೇನು ಮಾಡ್ಲಿ ಹೇಳಪ್ಪ?"

ಪಾಲಿಶಣ್ಣ ಬೆರಳಿನ ಮೆರುಗೆಣ್ಣೆಯ ಕಲೆಯನ್ನು ಕೆರೆದುಕೊಂಡ. "ಹೇಳಿ, ಅಷ್ಟು ಸಾಕು" ಎಂದ. ಆಮೇಲೆ ಮಗುವಿನ ಕಡೆ ನೋಡಿದ. "ಇನ್ನೊಂದಿದೆ ಸ್ವಾಮಿ. ಗಡಿಯಾರ ಈಗಲೇ ಒಯ್ಯಬೇಡಿ. ಒಂದು ತಿಂಗಳು ಅಲ್ಲೇ ಇರ್ಲಿ. ಮಗು ಗಂಟೆ ನೋಡೋದು ಕಲೀಲಿ."

ವಕೀಲರು ಕಂಬವನ್ನು ನೋಡಿದರು. ಆ ಗಡಿಯಾರ ಕೊಳ್ಳುವಾಗ, "ಮನೇಲಿ ಎಲ್ಲಾ ಮುಂದಕ್ಕೇ ಓಡ್ತಿದೆ, ಒಂದಾದ್ರೂ ಹಿಂದಕ್ಕೆ ಹೋಗ್ಲಿ" ಎಂದು ನಕ್ಕಿದ್ದರು. ಅಕ್ಕನಿಗೆ ಅದು ನೆನಪಾಯಿತು. "ಆಗಲಿ" ಎಂದರು ವಕೀಲರು.

ಅವರು ನುಡಿದಂತೆ ಬೀದಿಯ ಬಾಗಿಲುಗಳನ್ನೆಲ್ಲ ಹತ್ತಿಳಿದರು. ಹಳೆಯ ಚಮಚ ಮೋರಿಯಲ್ಲಿ ಸಿಕ್ಕಿದ ಸುದ್ದಿಯನ್ನೂ ಅಕ್ಕನಿಂದ ಕೇಳಿ ತಿಳಿದು, ಅದನ್ನೂ ಸೇರಿಸಿ ಹೇಳಿದರು. ಮಗು ದಿನವೂ ಹಲಗೆಯ ಮೇಲೆ ಕೂರುತ್ತಿತ್ತು. ನರ್ಸಮ್ಮ ಪಾಳಿಯಲ್ಲಿದ್ದ ದಿನ ಪಾಲಿಶಣ್ಣನೇ ಹಿಂದೆ ನಿಂತು "ಈಗೆಷ್ಟು ಹೇಳು" ಎನ್ನುತ್ತಿದ್ದ. ಕೋಟು ನೋಡಲು ಬಂದ ಗಿರಾಕಿಗಳು ಕೋಟು ಮರೆತು, ತಮ್ಮ ತಮ್ಮ ಹಲಗೆಯ ಕತೆ ಹೇಳಿ ಹೋಗುತ್ತಿದ್ದರು.

ತಿಂಗಳು ತುಂಬಿದ ದಿನ ವಕೀಲರು ಕೊಡೆಯನ್ನು ಮೂಲೆಗೆ ಒರಗಿಸಿ ಒಳಗೆ ಬಂದರು. ಅಕ್ಕ ಕಾಗದ, ದಾರ ತೆಗೆದಿಟ್ಟಿದ್ದಳು. ಅವರು ಕೋಟುಗಳನ್ನು ಸರಿಸಿ, ಕುರ್ಚಿಯ ಹಿಂದೆ ನಿಂತು, ಕನ್ನಡಿಯಲ್ಲಿ ಮಗುವಿನ ಮುಖ ನೋಡಿದರು.

"ಈಗೆಷ್ಟು ಹೇಳು ನೋಡೋಣ."

"ಐದೂ ಕಾಲು!" ಎಂದಿತು ಮಗು, ಗಳಿಗೆಯೂ ತಡೆಯದೆ.

ಗಂಟೆ ಐದೂ ಕಾಲೇ ಆಗಿತ್ತು. ವಕೀಲರು ಕನ್ನಡಿಯನ್ನೊಮ್ಮೆ, ಕಂಬವನ್ನೊಮ್ಮೆ ನೋಡಿ, ಗಂಭೀರವಾಗಿ ತಲೆಯಲ್ಲಾಡಿಸಿದರು.

"ಇನ್ನೂ ಸರಿಯಾಗಿ ಕಲ್ತಿಲ್ಲ" ಎಂದರು. "ಮುಂದಿನ ತಿಂಗಳು ಬರ್ತೀನಿ."

ಮೆಟ್ಟಿಲ ಮೇಲೆ ಕುಳಿತು ಪತ್ರಿಕೆ ಓದುತ್ತಿದ್ದ ದೊಡ್ಡಪ್ಪನನ್ನು ಅಕ್ಕ ತಿರುಗಿ ನೋಡಿದಳು. ತಪ್ಪು ಲೆಕ್ಕವನ್ನು ಎಂದೂ ತಿದ್ದದೆ ಬಿಟ್ಟವರಲ್ಲ ಅವರು. ಆ ಸಂಜೆ ಮಾತ್ರ ಪತ್ರಿಕೆಯಿಂದ ತಲೆ ಎತ್ತಲಿಲ್ಲ.