ಹಿಮದೂರಿಗೆ ಕೆಂಪು ಗಾಡಿ

ಬಾಗಿಲು ತೆರೆದಾಗ ಅಡುಗೆಮನೆಯಿಂದ ಹೆಣ್ಣೊಬ್ಬಳ ನಗು ಕೇಳಿಸಿತು.

ಜಾನಿಸ್ ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತಳು. ಕುವೈತ್ ನಗರದ ಮಿರ್ಕಾಬ್‌ನ ಕ್ಲಿನಿಕ್ಕಿನಲ್ಲಿ ಇಡೀ ದಿನ ನಿಂತು ನಿಂತು ಕಾಲು ಸೋತಿತ್ತು. ಮೈದಾನ್ ಹವಲ್ಲಿಯ ಈ ಪುಟ್ಟ ಫ್ಲ್ಯಾಟಿನಲ್ಲಿ ಅವಳನ್ನೂ ಗಂಡ ಜೋಯಲ್‌ನನ್ನೂ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹಾಗಾದರೆ ಈ ನಗು ಯಾರದ್ದು...?

ಒಳಗೆ ಹೋಗಿ ನೋಡಿದರೆ ಜೋಯಲ್ ಈರುಳ್ಳಿ ಹೆಚ್ಚುತ್ತಿದ್ದ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಒಂದು ಮುಖ. ತುಪ್ಪಳದ ಟೊಪ್ಪಿ, ಚಳಿಗೆ ಕೆಂಪಾದ ಕೆನ್ನೆ, ರೆಪ್ಪೆಯ ಮೇಲೆ ಹಿಮದ ಪುಡಿ.

ಚಂದದ ಹುಡುಗಿ. ಜಾನಿಸ್‌ಳ ಕಣ್ಣಿಗೆ ಮೊದಲು ಬಿದ್ದದ್ದೇ ಅದು.

"ಓ, ಇವಳೇ ಜಾನಿಸಾ?" ಫೋನಿನೊಳಗಿನ ಮುಖ ಹತ್ತಿರ ಬಂತು. "ಫೋಟೋದಲ್ಲಿ ನೋಡಿದ್ದಕ್ಕಿಂತ ಸಣ್ಣ ಇದ್ದಾಳಲ್ಲ ಮಾರಾಯ."

ಜೋಯಲ್ ನಕ್ಕ. "ಸಣ್ಣ ಇದ್ದರೂ ಜೋರು ಉಂಟು. ಜಾನಿಸ್, ಇವಳು ಲವಿಟಾ, ನಮ್ಮೂರು ಶಿರ್ವದವಳು. ನೀನು ಹೋಗುವ ಊರಲ್ಲೇ ಇರುವುದು, ಶಾಲೆಯಲ್ಲಿ ಕೆಲಸ. ಗಾಡಿ ವಿಷಯ ಕೇಳ್ತಾ ಇದ್ದೆ."

ಲವಿಟಾ ಫೋನನ್ನು ತಿರುಗಿಸಿದಳು. ಅಲ್ಲಿ ಇನ್ನೂ ಬೆಳಕು ಹರಿದಿರದ ಬೆಳಗು. ಹಿಮದಲ್ಲಿ ನಿಂತ ಒಂದು ಕೆಂಪು ಗಾಡಿ, ಅದರ ಮೂತಿಯಿಂದ ಮನೆಯ ಗೋಡೆಯವರೆಗೆ ಒಂದು ವಯರು.

"ಇಲ್ಲಿ ಗಾಡಿಯನ್ನೂ ಕರೆಂಟಿಗೆ ಹಾಕಿ ಬಿಸಿ ಮಾಡ್ಬೇಕು. ಇಲ್ಲದಿದ್ದರೆ ಮೈನಸ್ ನಲವತ್ತರಲ್ಲಿ ಎಂಜಿನ್ ಸ್ಟಾರ್ಟೇ ಆಗುದಿಲ್ಲ. ಬೇಗ ಬಾ ಜಾನಿಸ್, ಎಲ್ಲ ತೋರಿಸ್ತೇನೆ."

ಜಾನಿಸ್ ನಕ್ಕಳು. ಆದರೆ ಆ ನಗು ಅವಳ ತುಟಿಯಿಂದ ಒಳಗಿಳಿಯಲಿಲ್ಲ.

*

ಕೆನಡಾದ ಉತ್ತರದ ತುದಿ, ಯೂಕಾನ್. ಅಲ್ಲಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಜಾನಿಸ್‌ಗೆ ನರ್ಸ್ ಕೆಲಸ ಸಿಕ್ಕಿತ್ತು. ಮಾರ್ಚ್‌ನಲ್ಲಿ ಸೇರಬೇಕು. ಎಷ್ಟೋ ವರ್ಷ ಓದಿ, ಪರೀಕ್ಷೆ ಬರೆದು, ಸೋತು, ಮತ್ತೆ ಬರೆದು ಗಳಿಸಿದ ಕೆಲಸ ಅದು. ಗಂಡನಾಗಿ ಜೋಯಲ್‌ಗೂ ಜೊತೆಯಲ್ಲೇ ವೀಸಾ ಆಗುವುದಿತ್ತು.

ಆ ಊರಿನಲ್ಲಿ ಬಸ್ಸಿಲ್ಲ. ಮುಂದಿನ ಊರಿಗೆ ಕಾಡಿನ ನಡುವೆ ಗಂಟೆಗಟ್ಟಲೆ ಹಾದಿ. ಮನೆಗಿಂತ ಮೊದಲು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಇರುವ ಒಂದು ಗಾಡಿ ಬೇಕು.

ಗಾಡಿಯೆಂದರೆ ಜೋಯಲ್‌ಗೆ ಜೀವ. ಶುವೈಖ್‌ನ ಗ್ಯಾರೇಜಿನಲ್ಲಿ ಅವನ ಕೆಲಸವೇ ಅದು. ಹಾಗಾಗಿ ಆರಿಸುವ ಹೊಣೆ ಅವನದ್ದೇ ಆಯಿತು. ಸಂಜೆಯಾದರೆ ಫೋನು, ಫೋನಿನಲ್ಲಿ ಲವಿಟಾ. ಇಲ್ಲಿ ಸಂಜೆ ಅಂದರೆ ಅಲ್ಲಿ ಅವಳು ಕೆಲಸಕ್ಕೆ ಹೊರಡುವ ಹೊತ್ತು.

'ಊರಿನವಳು, ಸಹಾಯ ಮಾಡ್ತಾಳೆ. ಅಷ್ಟೇ...' ಜಾನಿಸ್ ತನಗೆ ತಾನೇ ಹೇಳಿಕೊಂಡಳು.

ಆ ಸಮಾಧಾನವೂ ಶುಕ್ರವಾರದವರೆಗೆ ಮಾತ್ರ.

ವಾರದ ರಜೆಯ ಆ ದಿನ ಇಗರ್ಜಿಯಲ್ಲಿ ಪೂಜೆ ಮುಗಿದು ಹೊರಬರುವಾಗ ಬೆನೆಡಿಕ್ಟಾ ಆಂಟಿ ಸಿಕ್ಕಿದರು. ಜೋಯಲ್‌ನ ಊರಿನವರು, ಅವನನ್ನು ಎತ್ತಿ ಆಡಿಸಿದವರು.

"ಗಾಡಿ ನೋಡ್ಲಿಕ್ಕೆ ಯಾರುಂಟು ಅಲ್ಲಿ?"

"ಲವಿಟಾ ಅಂತ, ಶಿರ್ವದವಳಂತೆ ಆಂಟಿ."

ಆಂಟಿಯ ಮುಖ ಒಂದು ಕ್ಷಣ ಬದಲಾಯಿತು. "ನಮ್ಮ ಲವಿಟಾನಾ? ಜೋಯಲ್ ನಿನಗೆ ಹೇಳ್ಲಿಲ್ವಾ?"

"ಎಂತದ್ದು?"

"ಅಯ್ಯೋ, ಹಳೇ ವಿಷಯ ಬಿಡು... ಇಬ್ಬರಿಗೂ ಮದುವೆ ಮಾತು ಮುಗಿದಿತ್ತು. ಅಷ್ಟರಲ್ಲಿ ಅವಳಿಗೆ ಕೆನಡಾ ಆಯ್ತು. ಅಷ್ಟು ದೂರ, ಅಷ್ಟು ಚಳಿ, ನಾನು ಬರುದಿಲ್ಲ ಅಂತ ಇವ ಹೇಳಿದ. ಹಾಗೆ ಮುರಿಯಿತು. ಅವಳು ಇನ್ನೂ ಮದುವೆ ಆಗ್ಲಿಲ್ಲ, ಪಾಪ."

ಜಾನಿಸ್‌ಗೆ ಆಂಟಿಯ ಮುಂದಿನ ಮಾತು ಕೇಳಿಸಲಿಲ್ಲ.

ಆಗ ಬೇಡವಾಗಿದ್ದ ಚಳಿ ಈಗ ಹೇಗೆ ಬೇಕಾಯಿತು? ಆ ಊರಿನ ಆಸ್ಪತ್ರೆಯಲ್ಲಿ ಕೆಲಸ ಖಾಲಿ ಇದೆ ಎಂಬ ಸುದ್ದಿಯನ್ನು ಮನೆಗೆ ಮೊದಲು ತಂದವನೂ ಜೋಯಲ್ಲೇ. ಎಲ್ಲಿಂದ ಬಂತು ಆ ಸುದ್ದಿ...?

*

ಅಂದಿನಿಂದ ಅವಳ ಕಿವಿ ಅವಳ ಮಾತು ಕೇಳಲಿಲ್ಲ. ಬಟ್ಟೆ ಮಡಚುವಾಗ, ಚಪಾತಿ ಲಟ್ಟಿಸುವಾಗ ಅದು ಪಕ್ಕದ ಕೋಣೆಗೇ ಹೋಗುತ್ತಿತ್ತು.

"ಲವಿಟಾ ಒಬ್ಬಳೇ ಇನ್ನೂರು ಕಿಲೋಮೀಟರ್ ಓಡಿಸ್ತಾಳೆ, ಗೊತ್ತುಂಟಾ? ಹಿಮದಲ್ಲಿ," ಎಂದ ಜೋಯಲ್ ಒಂದು ದಿನ ಊಟದ ಹೊತ್ತಿನಲ್ಲಿ. "ನಿನಗೂ ಕಲಿಸ್ತೇನೆ. ಶುಕ್ರವಾರ ಮರಳಿಗೆ ಹೋಗುವ. ಮರಳಲ್ಲಿ ಓಡಿಸಿದರೆ ಹಿಮದ ಅಂದಾಜು ಸ್ವಲ್ಪ ಬರ್ತದೆ."

"ನೀನಿದ್ದೀಯಲ್ಲ ಓಡಿಸ್ಲಿಕ್ಕೆ. ನಾನು ಯಾಕೆ?"

ಅವನು ತಟ್ಟೆಯಲ್ಲಿದ್ದ ಮೀನಿನ ಮುಳ್ಳು ಬಿಡಿಸುತ್ತಾ ಕುಳಿತ.

'ನಾನು ಲವಿಟಾ ಅಲ್ಲವಲ್ಲ, ಅದಕ್ಕೇ ಬೇಸರ...' ಜಾನಿಸ್ ತನ್ನ ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಅವನು ಫೋನಿನಲ್ಲಿ ಒಂದು ಗಾಡಿ ತೋರಿಸಿದ. ಲವಿಟಾಳ ಪಕ್ಕದ ಮನೆಯವರು ಮಾರುತ್ತಿದ್ದರು. ಅವಳದ್ದೇ ಕಂಪೆನಿ, ಅವಳದ್ದೇ ಮಾಡೆಲ್.

ಬಣ್ಣವೂ ಕೆಂಪು.

"ನೀನು ಯಾವಾಗಲೂ ದೊಡ್ಡ ಪಿಕಪ್ ಬೇಕು ಅಂತಿದ್ದಿ," ಜಾನಿಸ್ ಮೆಲ್ಲಗೆ ಹೇಳಿದಳು. "ಮದುವೆಯಾದಾಗಿನಿಂದ ಕೇಳಿದ್ದೇನೆ. ಎತ್ತರದ್ದು, ಕಪ್ಪು ಬಣ್ಣದ್ದು."

"ದೊಡ್ಡದು ಬೇಡ. ಇದು ಹಗುರ ಉಂಟು, ಚಕ್ರಕ್ಕೆ ಬಲ ತನ್ನಷ್ಟಕ್ಕೇ ಹೋಗ್ತದೆ. ಯಾವ ಗುಂಡಿಯೂ ಒತ್ಲಿಕ್ಕಿಲ್ಲ. ಸೀಟು ಬಿಸಿ ಆಗ್ತದೆ, ಸ್ಟಿಯರಿಂಗೂ ಬಿಸಿ ಆಗ್ತದೆ."

"ಲವಿಟಾಗೆ ಇಷ್ಟ ಆದದ್ದು ನಿನಗೂ ಇಷ್ಟ ಆಯ್ತು. ಅಷ್ಟೇ ಅಲ್ವಾ?"

ಜೋಯಲ್ ತಲೆಯೆತ್ತಿದ. "ಎಂತ ಮಾತು ಇದು?"

"ಬೆನೆಡಿಕ್ಟಾ ಆಂಟಿ ಎಲ್ಲ ಹೇಳಿದ್ರು. ನೀನು ಯಾಕೆ ಹೇಳ್ಲಿಲ್ಲ?"

"ಅದು ಮುಗಿದು ಎಂಟು ವರ್ಷ ಆಯ್ತು ಜಾನಿಸ್. ಹೇಳುವಂತದ್ದು ಎಂತ ಉಂಟು ಅದರಲ್ಲಿ?"

"ಮುಗಿದಿದ್ದರೆ ಹೇಳ್ಲಿಕ್ಕೆ ಎಂತ ಕಷ್ಟ?"

ಅವನು ಫೋನು ಎತ್ತಿಕೊಂಡು ಬಾಲ್ಕನಿಗೆ ಎದ್ದು ಹೋದ. ಅದು ಜಾನಿಸ್‌ಳನ್ನು ಸುಟ್ಟುಬಿಟ್ಟಿತು. ಜಗಳವನ್ನಾದರೂ ಆಡಬಾರದೇ ಇವನು...?

*

ಎರಡು ದಿನ ಇಬ್ಬರ ನಡುವೆ ಮಾತಿರಲಿಲ್ಲ. ಮೂರನೆಯ ಸಂಜೆ ಜಾನಿಸ್ ಸ್ನಾನ ಮುಗಿಸಿ ಬರುವಾಗ ಜೋಯಲ್ ಬಾಲ್ಕನಿಯಲ್ಲಿ ನಿಂತು ಮಾತಾಡುತ್ತಿದ್ದ. ಗಾಜಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಇಲ್ಲ ಲವಿಟಾ, ಅವಳಿಗೆ ಹೇಳ್ಬೇಡ. ನಿನ್ನ ಕಾಲು ಹಿಡೀತೇನೆ. ಜಾನಿಸ್‌ಗೆ ಗೊತ್ತಾಗ್ಬಾರದು... ಹೌದು, ಅವಳು ಅಲ್ಲಿಗೆ ಬರುವ ತನಕ."

ಜಾನಿಸ್‌ಳ ಒದ್ದೆ ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಹಾಗೇ ಹಿಂದೆ ಸರಿದು ಮಂಚದ ಮೇಲೆ ಕುಳಿತಳು. ಅಳು ಬರಲಿಲ್ಲ. ಎದೆಯಲ್ಲಿ ಮಾತ್ರ ಯಾರೋ ಬಟ್ಟೆ ಹಿಂಡಿದ ಹಾಗೆ.

'ನನಗೆ ಗೊತ್ತಾಗದ್ದು ಅವಳಿಗೆ ಗೊತ್ತುಂಟು. ನನ್ನ ಗಂಡನ ಗುಟ್ಟು, ಅವಳ ಹತ್ತಿರ...'

ಮರುದಿನ ಸಂಜೆ ಕ್ಲಿನಿಕ್ಕಿನ ಬಿಡುವಿನಲ್ಲಿ ಅವಳೇ ಲವಿಟಾಳಿಗೆ ಫೋನ್ ಮಾಡಿದಳು. ನಂಬರನ್ನು ಬೆನೆಡಿಕ್ಟಾ ಆಂಟಿ ಕೊಟ್ಟಿದ್ದರು. ಮುಖ ತೋರಿಸದೆ, ಬರೀ ಧ್ವನಿ.

"ನೇರ ಕೇಳ್ತೇನೆ. ನಿನಗೂ ಜೋಯಲ್‌ಗೂ ಎಂತ ಉಂಟು?"

ಆ ಕಡೆ ಓಡುತ್ತಿದ್ದ ಗಾಡಿಯ ಎಂಜಿನ್ನಿನ ಸದ್ದು ನಿಂತಿತು.

"ಎಂತದೂ ಇಲ್ಲ," ಎಂದಳು ಲವಿಟಾ. "ಇದ್ದಿದ್ದರೆ ಇಷ್ಟು ಬೇಸರ ಆಗ್ತಿರಲಿಲ್ಲ ನನಗೆ. ಎರಡು ವಾರದಿಂದ ದಿನಾ ಮಾತಾಡ್ತಾನೆ. ಒಂದು ದಿನವಾದರೂ 'ನೀನು ಹೇಗಿದ್ದಿ ಲವಿಟಾ' ಅಂತ ಕೇಳ್ಲಿಲ್ಲ. ಬರೀ ನಿನ್ನದೇ ಮಾತು. ಜಾನಿಸ್ ಸಣ್ಣ ಇದ್ದಾಳೆ, ಸೀಟು ಎಷ್ಟು ಮುಂದೆ ಬರ್ತದೆ? ಜಾನಿಸ್‌ಳ ಕೈ ಬೇಗ ತಣ್ಣಗಾಗ್ತದೆ, ಸ್ಟಿಯರಿಂಗ್ ಬೇಗ ಬಿಸಿ ಆಗ್ತದಾ? ಕೆಂಪೇ ಆಗ್ಬೇಕಂತೆ. ದಾರಿ ಬದಿ ಸಿಕ್ಕಿಬಿದ್ದರೆ ಹಿಮದಲ್ಲಿ ದೂರದಿಂದ ಕಾಣ್ತದಲ್ಲ, ಅದಕ್ಕೆ."

ಜಾನಿಸ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಇಲ್ಲಿ ನರ್ಸ್ ಕೆಲಸ ಖಾಲಿ ಉಂಟು ಅಂತ ಊರಿನವರಿಗೆಲ್ಲ ತಿಳಿಸಿದ್ದು ನಾನೇ, ಅವ ಅದನ್ನು ನಿನಗೋಸ್ಕರ ಹಿಡ್ಕೊಂಡ. ನನಗೋಸ್ಕರ ಇಲ್ಲಿಗೆ ಬರ್ಲಿಕ್ಕೆ ಒಪ್ಪದವ ಅವ. ನಿನಗೋಸ್ಕರ ತಯಾರಾದ. ಹೊಟ್ಟೆಕಿಚ್ಚು ಪಡ್ಬೇಕಾದದ್ದು ನೀನಲ್ಲ, ನಾನು."

"ಮತ್ತೆ... ನನಗೆ ಹೇಳ್ಬಾರದು ಅಂದದ್ದು ಎಂತ?"

ಲವಿಟಾ ಉಸಿರೆಳೆದುಕೊಂಡಳು. "ಬೈದರೆ ಬೈಯ್ಲಿ, ಹೇಳ್ತೇನೆ. ಗಾಡಿ ನೀನೊಬ್ಬಳೇ ಓಡಿಸ್ಲಿಕ್ಕೆ ಜಾನಿಸ್. ಅವನ ವೀಸಾ ನಿಂತಿದೆ. ವೀಸಾಕ್ಕೆ ತೆಗೆದ ಎದೆಯ ಎಕ್ಸ್‌ರೇಯಲ್ಲಿ ಎಂತದೋ ಕಲೆ ಕಂಡಿತಂತೆ. ಟಿಬಿ ಅಲ್ಲ ಅಂತ ಖಾತ್ರಿ ಆಗುವ ತನಕ ಬಿಡುದಿಲ್ಲ. ಪರೀಕ್ಷೆಗೆ ತಿಂಗಳುಗಟ್ಟಲೆ ಬೇಕು. ನಿನಗೆ ಹೇಳಿದರೆ ಕೆಲಸ ಬಿಟ್ಟುಬಿಡ್ತಿ ಅಂತ ಅವನಿಗೆ ಹೆದರಿಕೆ."

*

ಶುಕ್ರವಾರ ಮಧ್ಯಾಹ್ನ ಇಬ್ಬರೂ ಗ್ಯಾರೇಜಿನ ಒಂದು ಗಾಡಿಯಲ್ಲಿ ಊರಾಚೆಯ ಮರಳಿಗೆ ಹೋದರು. ಚಳಿಗಾಲವಾದ್ದರಿಂದ ದೂರದಲ್ಲಿ ವಿಹಾರಕ್ಕೆ ಬಂದ ಕುವೈತಿ ಕುಟುಂಬಗಳ ಡೇರೆಗಳು ಕಾಣುತ್ತಿದ್ದವು. ಚಕ್ರ ಹೂಳದಿರಲೆಂದು ಜೋಯಲ್ ಬಗ್ಗಿ ನಾಲ್ಕೂ ಟೈರಿನ ಗಾಳಿ ಸ್ವಲ್ಪ ಸ್ವಲ್ಪ ಇಳಿಸಿದ.

"ಸ್ಟಿಯರಿಂಗ್ ಜೋರು ತಿರುಗಿಸ್ಬೇಡ. ಬ್ರೇಕ್ ತಟ್ಟನೆ ಒತ್ಬೇಡ. ಹಿಮದಲ್ಲೂ ಹೀಗೇ."

ಜಾನಿಸ್ ಓಡಿಸಿದಳು. ಲೈಸೆನ್ಸ್ ಇದ್ದರೂ ಇಷ್ಟು ದಿನ ಬಾರದ ಧೈರ್ಯ ಇವತ್ತು ಸಿಟ್ಟಿನ ಜೊತೆ ಬಂದಿತ್ತು. ಒಂದು ದಿಬ್ಬ ಹತ್ತಿ ಇಳಿದಳು. ಎರಡನೆಯದರಲ್ಲಿ ಚಕ್ರ ಹೂತುಹೋಯಿತು.

"ಪರವಾಗಿಲ್ಲ, ರಿವರ್ಸ್ ಹಾಕು, ಮೆಲ್ಲ..."

ಅವಳು ಎಂಜಿನ್ ಆರಿಸಿದಳು.

"ಹೋದ ವರ್ಷ ನಿನಗೆ ನ್ಯುಮೋನಿಯಾ ಆದಾಗ ನಿನ್ನ ಹತ್ತಿರ ಕೂತದ್ದು ಯಾರು ಜೋಯಲ್?"

ಅವನು ಬಿಳಿಚಿಕೊಂಡ.

"ನಾನು ನರ್ಸ್. ನಿನ್ನ ಹೆಂಡತಿ. ನಿನ್ನ ಎದೆಯಲ್ಲಿ ಒಂದು ಕಲೆ ಉಂಟು ಅಂತ ನನಗೆ ಹೇಳಬೇಕಾದದ್ದು ಯಾರು? ಲವಿಟಾನಾ?"

"ಹೇಳಿದಳಾ..." ಜೋಯಲ್ ಮುಖವನ್ನು ಕೈಗಳಲ್ಲಿ ಮುಚ್ಚಿಕೊಂಡ. "ಎಷ್ಟು ಸಲ ಫೇಲಾಗಿ, ಎಷ್ಟು ಅತ್ತು ನೀನು ಆ ಕೆಲಸ ತಗೊಂಡದ್ದು. ನನ್ನಿಂದಾಗಿ ಅದು ಹೋಗ್ಬಾರದು. ನೀನು ವಿಮಾನ ಹತ್ತಿದ ಮೇಲೆ ಹೇಳುವ ಅಂತ ಇದ್ದೆ."

"ಗಂಡನಿಗೆ ಹೀಗೆ ಅಂತ ಆ ಮಂಜಿನಲ್ಲಿ ಒಬ್ಬಳೇ ನಿಂತು ಕೇಳ್ಬೇಕಿತ್ತು ನಾನು?"

ಅವನು ಕಿಟಕಿಯ ಕಡೆಗೆ ಮುಖ ತಿರುಗಿಸಿದ.

"ನನಗೆ ಯಾವುದು ಜಾಸ್ತಿ ನೋವಾಯ್ತು ಗೊತ್ತುಂಟಾ?" ಜಾನಿಸ್‌ಳ ಧ್ವನಿ ಒಡೆಯಿತು. "ಕಾಯಿಲೆ ಇರಬಹುದು ಅನ್ನುವುದಲ್ಲ. ಹೆದರಿಕೆ ಆದಾಗ ನೀನು ಅವಳ ಹತ್ತಿರ ಹೋದಿ. ನಾನು ಪಕ್ಕದ ಕೋಣೆಯಲ್ಲೇ ಇದ್ದೆ."

"ತಪ್ಪಾಯ್ತು." ಜೋಯಲ್‌ನ ಕಣ್ಣು ತುಂಬಿತ್ತು. "ನಿನ್ನ ಮುಖ ನೋಡಿ ಹೇಳ್ಲಿಕ್ಕೆ ಆಗ್ಲಿಲ್ಲ ಜಾನಿಸ್. ಅವಳ ಹತ್ತಿರ ಸುಲಭ. ಅವಳು ಅತ್ತರೆ ನನಗೆ ಎಂತ ಆಗ್ಲಿಕ್ಕಿಲ್ಲ. ನೀನು ಅತ್ತರೆ..."



ಜಾನಿಸ್ ಕಣ್ಣೊರೆಸಿಕೊಂಡಳು. "ಕೆಲಸ ಬಿಡುದಿಲ್ಲ. ನಿನ್ನೆ ಅಲ್ಲಿಯ ಆಸ್ಪತ್ರೆಯ ಮೇಡಂ ಜೊತೆ ಮಾತಾಡಿದೆ. ಅವರಿಗೆ ನರ್ಸ್‌ಗಳೇ ಸಿಗುದಿಲ್ಲವಂತೆ. ಜೂನ್ ತನಕ ಕಾಯ್ತೇವೆ ಅಂದರು."

ಜೋಯಲ್ ನಂಬದವನಂತೆ ನೋಡಿದ. "ಇಷ್ಟು ಸುಲಭವಾಗಿ?"

"ಕೇಳಿದರೆ ತಾನೇ ಗೊತ್ತಾಗುವುದು? ನೀನು ಕೇಳದೆಯೇ ನನ್ನ ಉತ್ತರವನ್ನೂ ನೀನೇ ಹೇಳಿಬಿಟ್ಟಿ. ಜೂನ್‌ಗೂ ಆಗದಿದ್ದರೆ ನಾನು ಮುಂದೆ ಹೋಗ್ತೇನೆ, ನೀನು ಹಿಂದಿನಿಂದ ಬಾ. ಆದರೆ ಅಲ್ಲಿ ತನಕ ನಿನ್ನ ಒಂದೊಂದು ಪರೀಕ್ಷೆಗೂ ನಾನು ಜೊತೆಗೆ ಬರ್ತೇನೆ."

"ಆ ಗಾಡಿ ಅಷ್ಟರಲ್ಲಿ ಬೇರೆಯವರ ಪಾಲಾಗ್ತದೆ."

"ಆಗ್ಲಿ. ಇಬ್ಬರೂ ಕೂತು ಬೇರೆ ಆರಿಸುವ. ನಿನಗೂ ಕಾಲು ಚಾಚ್ಲಿಕ್ಕೆ ಜಾಗ ಬೇಡವಾ?"

ಜೋಯಲ್ ಮೊದಲ ಬಾರಿಗೆ ನಕ್ಕ, ಕಣ್ಣೀರಿನ ನಡುವೆಯೇ. "ಆ ಗಾಡಿ ಬೇಡ ಅಂತ ಲವಿಟಾಗೆ ಒಂದು ಮಾತು ಹೇಳ್ಬೇಕು."

"ನಾನು ಹೇಳ್ತೇನೆ. ಹೇಗಿದ್ದಿ ಅಂತಲೂ ಕೇಳ್ತೇನೆ. ಇನ್ನು ಅವಳ ಹತ್ತಿರ ಮಾತು ನನ್ನದು."

"ಇನ್ನೂ ಹೊಟ್ಟೆಕಿಚ್ಚು ಉಂಟಾ?"

"ಉಂಟು. ಅಷ್ಟು ಬೇಗ ಹೋಗುದಿಲ್ಲ."

ಅವಳು ಸೀಟ್ ಬೆಲ್ಟ್ ಬಿಚ್ಚಿ ಅವನ ಕಡೆಗೆ ವಾಲಿದಳು. ಅಂಗಿಯ ಮೇಲೆ, ಎದೆಯ ಎಡಗಡೆ ಕಿವಿಯಿಟ್ಟಳು. ಅವನ ಕೈ ಮೆಲ್ಲನೆ ಅವಳ ತಲೆಯ ಮೇಲೆ ಬಂತು.

"ಎಂತ ಕೇಳ್ತದೆ?" ಪಿಸುದನಿಯಲ್ಲಿ ಕೇಳಿದ.

"ಮಾತಾಡ್ಬೇಡ," ಎಂದಳು ಜಾನಿಸ್. "ಸುಮ್ಮನೆ ಉಸಿರು ತಗೋ."