ಇಪ್ಪತ್ತು ನಿಮಿಷದ ಕಟ್ಟು

“ಕಾಲರ್ ಅರ್ಧಕ್ಕೆ ಬಿಟ್ಟು ಎಲ್ಲಿಗೆ ಎದ್ರಿ?”

ಹೊಲಿಗೆ ಕೋಣೆಯಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಕೇಳಿದವನು ಅಂದೇ ಕೆಲಸಕ್ಕೆ ಸೇರಿದ ಕಟಿಂಗ್ ಮಾಸ್ಟರ್. ಎದ್ದವಳು ಮೂಲೆಯ ಮಷೀನಿನವಳು. ಆಗಾಗ ಎದ್ದು ಹೋಗುತ್ತಾಳೆಂದು ಜೊತೆಯವರು ಅವಳಿಗಿಟ್ಟ ಹೆಸರು ‘ಮಹಾರಾಣಿ’.

ಮೈ ಸರಿಯಿಲ್ಲ ಎಂದಷ್ಟೇ ಹೇಳಿ ಅವಳು ಹೊರಗೆ ಹೋದಳು. ಕಣ್ಣು ತುಂಬಿ ಬಂದಿತ್ತು.

ಇನ್ನೇನು ಹೇಳುವುದು? ಎರಡು ವರ್ಷದಿಂದ ಮೈಯೆಲ್ಲ ನೋವು, ರಾತ್ರಿಯಿಡೀ ಮಲಗಿದರೂ ಇಳಿಯದ ಸುಸ್ತು. ಇಪ್ಪತ್ತು ನಿಮಿಷ ಕೆಲಸ, ಆಮೇಲೆ ಐದು ನಿಮಿಷ ಬಿಡುವು, ಮೆಲ್ಲಗೆ ಭುಜ ತಿರುಗಿಸಿ ನಾಲ್ಕು ಹೆಜ್ಜೆ ನಡೆಯಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ನೋವು ಬಂದ ಮೇಲಲ್ಲ, ಬರುವ ಮೊದಲೇ ನಿಲ್ಲಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಹಾಗೆ. ಆದರೆ ನೋಡಲು ಗುಂಡುಕಲ್ಲಿನ ಹಾಗಿರುವವಳ ನೋವನ್ನು ಯಾರು ನಂಬುತ್ತಾರೆ ಹೇಳಿ!

ಮಾಸ್ಟರ್ ಮರುದಿನವೇ ಕ್ಷಮೆ ಕೇಳಿದ. ಬಿಡುವಿನಲ್ಲಿ ಅವಳು ಜಗಲಿಯಲ್ಲಿ ನಡೆಯುವಾಗ ಒಂದೊಂದೇ ಮಾತಾಡಿದ. ಅವಳೂ ದಿನಕ್ಕಿಷ್ಟು ಹೇಳಿಕೊಂಡಳು. ಅದು ತಿನ್ನು, ಇದು ಕುಡಿ ಅನ್ನದ ಮೊದಲ ಮನುಷ್ಯ ಅವನು. ಅಷ್ಟಕ್ಕೇ ಹುಡುಗಿ ಮನಸ್ಸು ಕೊಟ್ಟುಬಿಟ್ಟಳು.

ಆಮೇಲೊಂದು ದಿನ ಮಾಸ್ಟರ್ ಕತ್ತರಿಸಿ ಅವಳಿಗೆ ಕಳಿಸುವ ಬಟ್ಟೆಯ ಕಟ್ಟು ಚಿಕ್ಕದಾಯಿತು. ಬೇರೆಯವರ ಕಟ್ಟಿನಲ್ಲಿ ಹನ್ನೆರಡು ಕಾಲರ್, ಅವಳದರಲ್ಲಿ ಐದು.

‘ಇವಳ ಕೈಲಿ ಆಗಲ್ಲ ಅಂತ ಯಜಮಾನರಿಗೆ ಹೇಳಿದ್ದಾನೆ... ಇವತ್ತು ಕಟ್ಟು, ನಾಳೆ ಕೆಲಸ. ನಂಬಿ ಎಲ್ಲಾ ಹೇಳ್ಕೊಂಡೆನಲ್ಲ!’ ಎಂದು ಅವಳು ಒಳಗೊಳಗೇ ಕುದಿದಳು.

ಅವಳು ಅವನನ್ನು ಕೇಳಲಿಲ್ಲ. ಕೇಳಿದ್ದರೆ ಇಷ್ಟು ರಾಮಾಯಣವೇ ಇರುತ್ತಿರಲಿಲ್ಲ. ಮೈ ಸ್ವಲ್ಪ ಹಗುರವಿದ್ದ ಒಂದು ಬೆಳಿಗ್ಗೆ, ತನ್ನ ಕೈಲೂ ಆಗುತ್ತದೆಂದು ತೋರಿಸಲು ಪಕ್ಕದವಳ ಕಟ್ಟನ್ನೂ ಎಳೆದುಕೊಂಡು ಕೂತವಳು ಸಂಜೆಯವರೆಗೆ ಏಳಲಿಲ್ಲ. ಸಾಕು ಮಾಡಿ ಎಂದು ಮಾಸ್ಟರ್ ಎರಡು ಸಲ ಬಂದು ಹೇಳಿದರೂ ತಲೆ ಎತ್ತಲಿಲ್ಲ.

ಮರುದಿನ ಬಾಚಣಿಗೆ ಎತ್ತಲೂ ಕೈ ಬರಲಿಲ್ಲ. ಬೆಳಕು ಬಿದ್ದರೆ ತಲೆ ಸಿಡಿಯುತ್ತಿತ್ತು. ಅಮ್ಮ ಪರದೆ ಎಳೆದು ಚಮಚದಲ್ಲಿ ಗಂಜಿ ಕುಡಿಸಿದಳು. ಆತುರಗಾರರಿಗೆ ಬುದ್ಧಿ ಮಟ್ಟ ಎಂದು ಎದುರಿಗೆ ಬೈದು, ಅಡುಗೆಮನೆಗೆ ಹೋಗಿ ಅತ್ತಳು.

ಆರನೇ ದಿನ ಸಂಜೆ ಮಾಸ್ಟರ್ ಬಂದ. ಅಮ್ಮ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಟ್ಟಳು.

“ನನ್ನ ಓಡಿಸ್ಬೇಕು ಅಂತ ತಾನೇ ಕಟ್ಟು ಚಿಕ್ಕದು ಮಾಡಿದ್ದು?” ಅವಳ ದನಿ ಕೇಳಿಸಿಯೂ ಕೇಳಿಸದ ಹಾಗಿತ್ತು.

ಅವನ ಮುಖ ಸಪ್ಪಗಾಯಿತು. “ಇಪ್ಪತ್ತು ನಿಮಿಷಕ್ಕೆ ನೀವು ಐದು ಕಾಲರ್ ಹೊಲೀತೀರಿ. ಕಟ್ಟು ಮುಗಿಸಿ ಎದ್ರೆ ಅರ್ಧಕ್ಕೆ ಬಿಟ್ಟಳು ಅಂತ ಯಾರೂ ಅನ್ನಲ್ಲ, ಅಂದ್ಕೊಂಡೆ. ನಿಮಗೊಂದು ಮಾತು ಹೇಳ್ದೆ ಮಾಡಿದ್ದು ನನ್ನ ತಪ್ಪು.”

ಅವಳು ಅತ್ತಳು. ಅಳುವುದಕ್ಕೂ ಶಕ್ತಿ ಬೇಕು. ಬೇಗನೇ ಸುಸ್ತಾಗಿ ಕಣ್ಣು ಮುಚ್ಚಿದಳು. ಅವನ ಮನಸ್ಸಿನಲ್ಲಿ ಏನಿದೆಯೆಂದು ಈಗ ಅವಳಿಗೆ ಅರ್ಥವಾಗಿತ್ತು.

“ನಾನು ಪೂರ್ತಿ ವಾಸಿಯಾಗ್ತೀನಿ ಅಂತ ಡಾಕ್ಟರಮ್ಮನೂ ಹೇಳಿಲ್ಲ ಮಾಸ್ಟ್ರೇ. ನನ್ನ ಕಟ್ಕೊಂಡವರಿಗೆ ಎಷ್ಟೋ ದಿನ ಇದೇ ಕತ್ತಲೆ ಕೋಣೆ.”

ಎಲ್ಲ ಸರಿಹೋಗುತ್ತೆ ಎಂದು ಅವನು ಹೇಳಲಿಲ್ಲ. ಆ ಸುಳ್ಳು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

“ನೀವಂದ್ರೆ ನಂಗಿಷ್ಟ. ನನ್ನ ಮದುವೆ ಆಗ್ತೀರಾ? ವಾಸಿಯಾದ್ಮೇಲೆ ಬನ್ನಿ ಅಂತ ಕೇಳ್ತಿಲ್ಲ. ಉತ್ತರವೂ ಇವತ್ತೇ ಬೇಕಿಲ್ಲ.”

“ನಾಳೆಯೂ ಮಾತಾಡೋಕೆ ಆಗದಿದ್ರೆ...?”

“ನಾಡಿದ್ದು ಬರ್ತೀನಿ.”

ಅವನು ಎದ್ದ. ಅವಳು ಕಷ್ಟಪಟ್ಟು ಕಣ್ಣು ತೆರೆದಳು.

“ಹೋಗ್ಬೇಡಿ. ನನ್ನ ಉತ್ತರ ಹೂಂ. ಸುಮ್ನೆ ಇಲ್ಲೇ ಕೂತಿರಿ.”

“ಎಷ್ಟು ಹೊತ್ತು?”

“ನಂಗೆ ನಿದ್ದೆ ಬರೋವರೆಗೆ.”

ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.